ರೆಪ್ಪೆಗೂದಲಿಗೆ ಅಂಕವಿಲ್ಲ

ನಾನು ಎಚ್ಚರವಾಗಿದ್ದೇನೆ ಎಂದು ಸಾಬೀತು ಮಾಡುವುದರಲ್ಲೇ ನನ್ನ ಅರ್ಧ ಆಯುಸ್ಸು ಕಳೆದುಹೋಗಿದೆ. ಬೇರೆಯವರಿಗೆ ಈ ಕಷ್ಟ ಅರ್ಥವಾಗುವುದಿಲ್ಲ. ಅವರು ಕಣ್ಣು ಬಿಟ್ಟರೆ ಸಾಕು, ಎದ್ದಿದ್ದಾರೆ ಎಂದು ಜಗತ್ತು ಒಪ್ಪಿಕೊಳ್ಳುತ್ತದೆ. ನನ್ನದು ಹಾಗಲ್ಲ. ನನ್ನ ಮೇಲ್ರೆಪ್ಪೆಯ ಮೇಲೆ ಇನ್ನೊಂದು ಮಡಿಕೆ ಚರ್ಮ, ಕಿಟಕಿಯ ಮೇಲಿನ ಸಜ್ಜದ ಹಾಗೆ, ಇಳಿದು ಕೂತಿದೆ. ಎಷ್ಟೇ ಕಣ್ಣರಳಿಸಿದರೂ ಎದುರಿನವರಿಗೆ ಕಾಣುವುದು ಒಂದು ಗೀರು ಮಾತ್ರ. ಇದು ದೇವನೂರಿನ ನನ್ನ ತವರುಮನೆಯ ಆಸ್ತಿ. ಹೊಲ, ತೆಂಗಿನ ತೋಟವೆಲ್ಲ ಅಣ್ಣತಮ್ಮಂದಿರ ಖಾತೆಗೆ ಹೋಯಿತು. ರೆಪ್ಪೆ ಮಾತ್ರ ಯಾವ ತಕರಾರೂ ಇಲ್ಲದೆ ನನ್ನ ಹೆಸರಿಗೆ ಬಂತು. ನಮ್ಮಜ್ಜನಿಗೂ ಇದೇ ಕಣ್ಣು. ಊರ ಪಂಚಾಯ್ತಿಯಲ್ಲಿ ಅವರು ಮಲಗಿಬಿಟ್ಟಿದ್ದಾರೆಂದು ತಿಳಿದು, ಎರಡೂ ಕಡೆಯವರು ಅವರ ಎದುರಿಗೇ ಸುಳ್ಳು ಸಾಕ್ಷಿಗಳಿಗೆ ಪಾಠ ಹೇಳಿಕೊಡುತ್ತಿದ್ದರಂತೆ. ಹಾಗಾಗಿ ನ್ಯಾಯ ಹೇಳುವುದು ಅಜ್ಜನಿಗೆ ಬಹಳ ಸಲೀಸಾಗಿತ್ತು.

ನನಗೂ ಒಂದು ಸಲ ಇದರಿಂದ ಅನುಕೂಲವಾಯಿತು, ಅಥವಾ ಆಯಿತೆಂದು ಆಗ ಅಂದುಕೊಂಡಿದ್ದೆ. ತರೀಕೆರೆಯಿಂದ ಗಂಡಿನವರು ನನ್ನನ್ನು ನೋಡಲು ಬಂದಿದ್ದರು. ನಾನು ಚಾಪೆಯ ಮೇಲೆ ಕೂತು ಹುಡುಗನನ್ನು ನೆತ್ತಿಯಿಂದ ಪಾದದವರೆಗೆ ಬಿಡದೆ ನೋಡಿದೆ. ಹುಡುಗ ತಿಂದ ಕೋಡುಬಳೆ ಆರು, ಪಕ್ಕದಲ್ಲಿದ್ದ ಅವರ ಚಿಕ್ಕಪ್ಪ ತಿಂದದ್ದು ಒಂಬತ್ತು ಎನ್ನುವವರೆಗೂ ನೋಡಿದೆ. ಹೊರಡುವಾಗ ಹುಡುಗನ ತಾಯಿ ನಮ್ಮಮ್ಮನ ಕೈ ಹಿಡಿದುಕೊಂಡು, "ಎಂಥಾ ನಾಚಿಕೆ ಹುಡ್ಗಿ ಕಣ್ರೀ ನಿಮ್ದು! ಒಂದ್ ಸಲಾನೂ ಕಣ್ಣೆತ್ತಿ ನೋಡ್ಲಿಲ್ಲ" ಎಂದು ಕಣ್ಣೀರು ಹಾಕಿಕೊಂಡರು. ಮದುವೆ ಅಲ್ಲೇ ನಿಶ್ಚಯವಾಯಿತು. ಆ ನಾಚಿಕೆಯನ್ನು ನಮ್ಮತ್ತೆ ಇನ್ನೂ ಹುಡುಕುತ್ತಿದ್ದಾರೆ. ಬೆಳಿಗ್ಗೆ ನಾನು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅಡುಗೆಮನೆಯಿಂದಲೇ, "ನಿದ್ದೆ ಮಾಡಿದ್ ಸಾಕು, ಸ್ಕೂಲಿಗೆ ಹೊತ್ತಾಯ್ತು" ಎನ್ನುತ್ತಾರೆ.

ಸ್ಕೂಲೆಂದರೆ ಅಜ್ಜಂಪುರದ್ದು. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ದಿನಾ ತರೀಕೆರೆಯಿಂದ ಬಸ್ಸಿನಲ್ಲಿ ಓಡಾಟ. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ, ಯಾರ ಹೊಲದಲ್ಲಿ ಈರುಳ್ಳಿ ಎಷ್ಟು ಬಂದಿದೆ ಎಂದು ಅಂದಾಜು ಮಾಡುತ್ತ ಬಂದಿರುತ್ತೇನೆ. ಅಷ್ಟಾದರೂ ಕಂಡಕ್ಟರ್ ದಿನಾ ಸೀಟಿನ ಕಂಬಿ ತಟ್ಟಿ, "ಮೇಡಂ, ಅಜ್ಜಂಪುರ ಬಂತು, ಎದ್ದೇಳಿ" ಎನ್ನುತ್ತಾನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಥ್ಯಾಂಕ್ಸ್ ಹೇಳಿ ಇಳಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಪಾಪ, ಅವನಿಗೂ ಒಂದು ಪುಣ್ಯದ ಕೆಲಸ ಬೇಡವೇ.

ಇದನ್ನೆಲ್ಲ ಹೀಗೇ ನುಂಗಿಕೊಂಡು ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿಯಾಗಿಬಿಡುತ್ತಿದ್ದೆ. ಆದರೆ ಹತ್ತನೇ ತರಗತಿ ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಬಂತು. ಮೂಲೆಯಲ್ಲಿ, ಸೂರಿನ ಹತ್ತಿರ, ಹಲ್ಲಿಯ ಹಾಗೆ ಒಂದು ಕ್ಯಾಮೆರಾ. ಅದು ಕಂಡದ್ದನ್ನೆಲ್ಲ ಎಲ್ಲೋ ಒಂದು ಕಂಟ್ರೋಲ್ ರೂಮಿನಲ್ಲಿ ಕೂತವರು ಟೀವಿಯಲ್ಲಿ ನೋಡುತ್ತಾರೆ. ಈ ವರ್ಷ ನನಗೆ ನಾಲ್ಕನೇ ಕೊಠಡಿಯ ಮೇಲ್ವಿಚಾರಣೆ. ಮೊದಲ ದಿನದ ಪತ್ರಿಕೆ ಶುರುವಾಗಿ ಒಂದು ಗಂಟೆಯಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಅಂಗಿಯ ತೋಳಿನಿಂದ ಪದೇ ಪದೇ ಬೆವರು ಒರೆಸಿಕೊಳ್ಳುತ್ತಿದ್ದ. ತೋಳಿನೊಳಗೆ ಚೀಟಿ ಇರಬಹುದೇ ಎಂದು ಗೋಡೆಗೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥರಾದ ನಮ್ಮ ಹೆಡ್ಮಾಸ್ಟರು ತುದಿಗಾಲಿನಲ್ಲಿ ಒಳಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೇಡಂ, ಮೇಲಿಂದ ಫೋನ್ ಬಂದಿತ್ತು. ನಾಲ್ಕನೇ ರೂಮಿನ ಮೇಡಂನ ಎಬ್ಬಿಸಿ ಅಂತ."

"ನಾನು ನಿಂತ್ಕೊಂಡೇ ಇದೀನಲ್ಲ ಸಾರ್?" ಎಂದೆ.

"ಅವ್ರಿಗೂ ಅದೇ ಆಶ್ಚರ್ಯ. ನಿಂತಲ್ಲೇ ಮಲಗಿದಾರೆ ಅಂದ್ರು."

ಪರೀಕ್ಷೆ ಮುಗಿದ ಮೇಲೆ ಅವರು ನನ್ನನ್ನು ಕೋಣೆಗೆ ಕರೆದು, ಸಮಜಾಯಿಷಿ ಬರೆದುಕೊಡಿ ಎಂದರು. ಇನ್ನೊಂದು ಸಲ ಹೀಗಾದರೆ ಮೇಲಕ್ಕೆ ಕಳಿಸಬೇಕಾಗುತ್ತದಂತೆ, ನನ್ನ ಸೇವಾ ಪುಸ್ತಕದಲ್ಲಿ ದಾಖಲಾಗುತ್ತದಂತೆ. ಇಪ್ಪತ್ತಾರು ವರ್ಷ ಒಂದು ಕೆಂಪು ಗೆರೆ ಇಲ್ಲದೆ ಕಾಪಾಡಿಕೊಂಡು ಬಂದ ಪುಸ್ತಕ ಅದು. ಅಲ್ಲೇ ಕೂತು ಎರಡು ಪುಟ ಬರೆದೆ. ರೆಪ್ಪೆಯ ರಚನೆಯನ್ನು ವಿವರಿಸಿದೆ, ಅಜ್ಜನನ್ನೂ ಸೇರಿಸಿದೆ. "ನನ್ನ ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಕರ್ತವ್ಯದ ವೇಳೆ ಒಂದು ಕ್ಷಣವೂ ನಿದ್ರಿಸಿರುವುದಿಲ್ಲ" ಎಂದು ಮುಗಿಸಿ, ಅಡಿಗೆರೆ ಎಳೆದು ಸಹಿ ಹಾಕಿದೆ. ಹೆಡ್ಮಾಸ್ಟರು ಅದನ್ನು ಪೂರ್ತಿ ಓದಿ, ಕರುಣೆಯಿಂದ, "ಇರ್ಲಿ ಬಿಡಿ ಮೇಡಂ. ವಯಸ್ಸಾಯ್ತು, ಎಲ್ರಿಗೂ ಆಗ್ತದೆ" ಎಂದರು. ಅವರು ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಮುಂದಿನ ಪತ್ರಿಕೆಗೆ ಯುಗಾದಿ ಸೇರಿ ನಾಲ್ಕು ದಿನ ಬಿಡುವಿತ್ತು. ಅಷ್ಟರೊಳಗೆ ನನ್ನ ಕಣ್ಣು ತೆರೆದಂತೆ ಕಾಣಬೇಕಿತ್ತು. ಕಾಡಿಗೆ ಹಚ್ಚಿ ನೋಡಿದೆ. ಬೆವರಿಗೆ ಕರಗಿ ಕೆನ್ನೆಗಿಳಿದು, ಯಾರೋ ಗುದ್ದಿದ ಹಾಗಾಯಿತು. ಕಡೂರಿಗೆ ಹೋಗಿ ಕಣ್ಣಿನ ಡಾಕ್ಟರನ್ನು ಕಂಡೆ. ಅವರು ನನ್ನಿಂದ ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿಸಿ, "ದೃಷ್ಟಿ ಚೆನ್ನಾಗಿದೆ. ಬೇಕಂದ್ರೆ ಮೇಲಿನ ಚರ್ಮ ಸ್ವಲ್ಪ ಕತ್ತರಿಸಿ ಹೊಲೀಬಹುದು" ಎಂದು ಟೈಲರ್ ಹೇಳುವಷ್ಟೇ ಸುಲಭವಾಗಿ ಹೇಳಿದರು. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ. ಕೊನೆಗೆ ನಮ್ಮ ಇಂಗ್ಲಿಷ್ ಮೇಡಂ ಫೋನಿನಲ್ಲಿ ಉಪಾಯ ಹೇಳಿದರು: ರೆಪ್ಪೆಗೂದಲು ಅಂಟಿಸಿಕೊಳ್ಳುವುದು. ನಮ್ಮ ಒಂದೊಂದು ಕೂದಲಿಗೂ ಇನ್ನೊಂದು ಕೂದಲು ಅಂಟಿಸುತ್ತಾರಂತೆ, ಮೂರು ವಾರ ಹಾಗೇ ಇರುತ್ತದಂತೆ, ಕಣ್ಣು ಹೂವಿನ ಹಾಗೆ ಅರಳುತ್ತದಂತೆ. "ತರೀಕೆರೆಯಲ್ಲೇ ಮಾಡ್ತಾರೆ ಕಣ್ರೀ, ನಿಮ್ಮ ಅಂಗಡಿ ಹಿಂದಿನ ಬೀದೀಲೇ" ಎಂದರು.

ನಮ್ಮ ಯಜಮಾನರ ಗೊಬ್ಬರದ ಅಂಗಡಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಪಾರ್ಲರ್ ಇಟ್ಟುಕೊಂಡಿರುವವಳು ಶಬಾನಾ, ನನ್ನ ಹಳೆಯ ವಿದ್ಯಾರ್ಥಿನಿ. ನನ್ನನ್ನು ಕಂಡವಳೇ, "ಬನ್ನಿ ಮಿಸ್!" ಎಂದು ಕುರ್ಚಿ ಒರೆಸಿದಳು. ರಂಜಾನ್ ಹಬ್ಬದ ಮುಂಚಿನ ದಿನಗಳು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಪವಾಸದಲ್ಲಿದ್ದರೂ ಅವಳ ಮುಖದಲ್ಲಿ ನಗು ಮಾಸಿರಲಿಲ್ಲ. ಬುರ್ಖಾ ತೊಡುವ ಗಿರಾಕಿಗಳೇ ಅವಳಲ್ಲಿಗೆ ಹೆಚ್ಚು ಬರುತ್ತಾರೆ. "ಹೊರಗೆ ಕಾಣೋದೇ ಇಷ್ಟು ಮಿಸ್," ಎಂದು ಎರಡು ಬೆರಳಿನಲ್ಲಿ ತನ್ನ ಕಣ್ಣಿನ ಅಗಲ ತೋರಿಸಿದಳು, "ಇಷ್ಟರಲ್ಲಿ ತಪ್ಪು ಮಾಡಿದ್ರೆ ನಮ್ಮೋರು ಬಿಡ್ತಾರಾ?" ಅವಳ ಕೈಗುಣದ ಬಗ್ಗೆ ನನಗೆ ಅಲ್ಲೇ ನಂಬಿಕೆ ಬಂತು. ಆದರೆ ಅವಳಿಗೆ ಇನ್ನೊಂದು ನೆನಪಿತ್ತು. "ಮಿಸ್, ಹತ್ತನೇ ಕ್ಲಾಸಲ್ಲಿ ಕಣ್ಣಿನ ಚಿತ್ರ ಬರೆದು ಭಾಗ ಗುರುತಿಸಿ ಅಂತ ಕೊಟ್ಟಿದ್ರಿ. ನಾನು ಎಷ್ಟು ಚೆನ್ನಾಗಿ ರೆಪ್ಪೆಗೂದ್ಲು ಬರ್ದಿದ್ದೆ. ನೀವು ಸೊನ್ನೆ ಹಾಕಿ, ಕೆಂಪಿಂಕಲ್ಲಿ 'ರೆಪ್ಪೆಗೂದಲಿಗೆ ಅಂಕವಿಲ್ಲ' ಅಂತ ಬರ್ದಿದ್ರಿ." ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನನ್ನು ನೋಡಿದರು. ಕಣ್ಣು ತಗ್ಗಿಸಿದೆ, ನನ್ನ ಕಣ್ಣಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಶಬಾನಾ ನನ್ನ ರೆಪ್ಪೆಯನ್ನು ಬೆರಳಿನಿಂದ ಎತ್ತಿ, ಬಿಟ್ಟು, ಮತ್ತೆ ಎತ್ತಿ ನೋಡಿದಳು. "ಉದ್ದುದ್ದ ಹಾಕಿದ್ರೆ ನಿಮಗೆ ಮೇಲಿನ ಚರ್ಮಕ್ಕೆ ಚುಚ್ಚುತ್ತೆ ಮಿಸ್. ಭಾರದ್ದು ಹಾಕಿದ್ರೆ ಇರೋ ರೆಪ್ಪೇನೂ ಇಳಿದುಬಿಡುತ್ತೆ. ಹಗೂರದ್ದು, ಗಿಡ್ಡದ್ದು, ನಡುವೆ ಮಾತ್ರ ಸ್ವಲ್ಪ ಮೇಲಕ್ಕೆ ಬಾಗಿರೋದು ಹಾಕ್ತೀನಿ. ಆದ್ರೂ ಯೋಚ್ನೆ ಮಾಡಿ, ಪಥ್ಯ ಜಾಸ್ತಿ." ಪಥ್ಯವೆಂದರೆ ಬಾಣಂತಿಗೂ ಇಲ್ಲದಷ್ಟು ಪಥ್ಯ. ಒಂದು ದಿನ ನೀರು ಸೋಕಬಾರದು. ಎಣ್ಣೆ ಸೋಕಿದರೆ ಅಂಟು ಬಿಡುತ್ತದೆ. ಹಬೆ ಬಡಿಯಬಾರದು, ಅಂದರೆ ನಾನು ಮುದ್ದೆ ತಿರುವಬಾರದು. ಕಣ್ಣುಜ್ಜಬಾರದು, ಅಳಬಾರದು. ಮುಖ ಒತ್ತಿ ಮಲಗಬಾರದು, ಅಂಗಾತವೇ ಮಲಗಬೇಕು. ಹುಟ್ಟಿದಾಗಿನಿಂದ ಬೋರಲು ಮಲಗಿ ಅಭ್ಯಾಸವಾದ ನಾನು ಈ ಕೊನೆಯ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ. ಎಚ್ಚರವಾಗಿ ಕಾಣುವ ಆಸೆಯಲ್ಲಿದ್ದವಳಿಗೆ ನಿದ್ದೆಯ ಚಿಂತೆ ಏಕೆ?

ಮನೆಯಲ್ಲಿ ವಿಷಯ ಎತ್ತಿದೆ. ಯಜಮಾನರು ಪೇಪರಿನಿಂದ ತಲೆಯೆತ್ತದೆ, "ನಿಂಗೆ ಚಂದ ಕಾಣ್ಬೇಕು ಅಂತಿದ್ರೆ ನೇರ ಹೇಳು, ಪರೀಕ್ಷೆ ನೆಪ ಯಾಕೆ?" ಎಂದರು. ಸೇವಾ ಪುಸ್ತಕದ ಮಾತು ಹೇಳಿದರೆ ನಕ್ಕರು. ಮೈಯೆಲ್ಲ ಉರಿಯಿತು, ಅವರು ಹೇಳಿದ್ದರಲ್ಲಿ ಒಂದೆರಡಾಣೆ ನಿಜವಿತ್ತಲ್ಲ! ಅತ್ತೆಯ ಚಿಂತೆಯೇ ಬೇರೆ. "ಕೂದ್ಲು ಅಂಟಿಸ್ತಾರಾ? ಕಣ್ಣಿಗಾ? ಯಾರ್ ಕೂದ್ಲು ಕಣೇ ಅದು?" ಎಂದು ಹೌಹಾರಿದರು. ಯಾರದ್ದೂ ಅಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು ಎಂದೆ. "ಪ್ಲಾಸ್ಟಿಕ್ಕಾದ್ರೆ ಸರಿ, ಪೂಜೆಗೆ ಕೂತ್ಕೋಬೋದು. ಆದ್ರೆ ಯುಗಾದಿಗೆ ಎಣ್ಣೆ ಹಾಕಿಸ್ಕೊಳ್ದೆ ಇರೋ ಹೆಂಗ್ಸನ್ನ ನಾನು ಈ ಮನೇಲಿ ನೋಡಿಲ್ಲ" ಎಂದು ಹರಳೆಣ್ಣೆಯ ಬಟ್ಟಲು ಮುಂದಿಟ್ಟರು. ತಕ್ಕಡಿಯ ಒಂದು ತಟ್ಟೆಯಲ್ಲಿ ಇಪ್ಪತ್ತಾರು ವರ್ಷದ ಸೇವೆ, ಇನ್ನೊಂದರಲ್ಲಿ ಅತ್ತೆಯ ಹರಳೆಣ್ಣೆ. ಎರಡು ದಿನ ತೂಗಿದೆ. ಕೊನೆಗೆ ಒಂದು ದಾರಿ ಹೊಳೆಯಿತು. ಹಬ್ಬದ ಬೆಳಿಗ್ಗೆ ಎಣ್ಣೆ ಹಾಕಿಸಿಕೊಂಡು, ಸೀಗೆಪುಡಿಯಿಂದ ಮೂರು ಸಲ ಮುಖ ತಿಕ್ಕಿ, ಬೇವುಬೆಲ್ಲ ತಿಂದು, ಹೋಳಿಗೆ ಉಂಡು, ಮಧ್ಯಾಹ್ನ ಶಬಾನಾಳ ಮೆಟ್ಟಿಲು ಹತ್ತಿದೆ.

ಕಣ್ಣು ತೆರೆದಂತೆ ಕಾಣಬೇಕಾದರೆ ಎರಡು ಗಂಟೆ ಕಣ್ಣು ಮುಚ್ಚಿಕೊಂಡು ಬಿದ್ದಿರಬೇಕು ಎನ್ನುವುದು ಅಲ್ಲಿ ತಿಳಿಯಿತು. ಹೊಟ್ಟೆಯಲ್ಲಿ ನಾಲ್ಕು ಹೋಳಿಗೆ, ಮೇಲೆ ಫ್ಯಾನು. ಬದುಕಿನಲ್ಲಿ ಯಾವ ಆಕ್ಷೇಪಣೆಯೂ ಇಲ್ಲದೆ ನಿದ್ದೆ ಮಾಡಬಹುದಾಗಿದ್ದ ಎರಡು ಗಂಟೆ ಅವು. ಆದರೆ ಸೊನ್ನೆ ಕೊಟ್ಟ ಹುಡುಗಿಯ ಕೈಯಲ್ಲಿ ಮೊನಚಾದ ಎರಡು ಚಿಮುಟ, ಅವು ನನ್ನ ಕಣ್ಣಿನ ಅಂಚಿನಲ್ಲಿ. ನಿದ್ದೆ ಎಲ್ಲಿಂದ ಬರಬೇಕು? ಎದ್ದು ಕನ್ನಡಿ ನೋಡಿದೆ. ಸಜ್ಜದ ಕೆಳಗೆ ಎರಡು ಕಪ್ಪು ಕಣ್ಣುಗಳು ಮೊದಲ ಸಲ ಹೊರಗೆ ಬಂದು ನಿಂತಿದ್ದವು. ಐವತ್ತಾರು ವರ್ಷ ಇವು ನನ್ನ ಹತ್ತಿರವೇ ಇದ್ದವಲ್ಲ ಎಂದು ದುಃಖವಾಯಿತು. "ಅಳ್ಬೇಡಿ ಮಿಸ್, ಅಂಟು ಬಿಡುತ್ತೆ" ಎಂದಳು ಶಬಾನಾ. ಎಷ್ಟು ಅಂಕ ಕೊಡುತ್ತೀರಿ ಎಂದೂ ಕೇಳಿದಳು. ಪೂರ್ತಿ ಕೊಟ್ಟೆ.

ಅವತ್ತಿನಿಂದ ಅಂಗಾತ ಮಲಗಿದೆ. ಮಲಗಿದೆ ಅಷ್ಟೇ, ನಿದ್ದೆ ಬರಲಿಲ್ಲ. ಮಗ್ಗುಲಾದರೆ ಕೂದಲು ಹೋದೀತೆಂಬ ಹೆದರಿಕೆಯಲ್ಲಿ ಎರಡು ರಾತ್ರಿ ಸೂರಿನ ಜಂತೆ ಎಣಿಸಿದೆ. ಹಗಲು ಒಂದಿಷ್ಟು ಜೊಂಪು ಹತ್ತಿತ್ತು, ಅಷ್ಟರಲ್ಲಿ ಅತ್ತೆ ಬಂದು ನನ್ನ ಮುಖವನ್ನೇ ದಿಟ್ಟಿಸಿ, "ಏನೇ, ಕಣ್ಣು ಬಿಟ್ಕೊಂಡು ಹಂಗೇ ಬಿದ್ದಿದೀಯಾ? ಎದ್ದು ಕಾಫಿನಾದ್ರೂ ಮಾಡ್ಬಾರ್ದಾ?" ಎಂದು ಎಬ್ಬಿಸಿದರು. ಅತ್ತೆಗೆ ಕಣ್ಣು ಮಂಜು, ಹಾಗಾಗಿ ಅವರ ಮಾತನ್ನು ಅಷ್ಟಕ್ಕೇ ಬಿಟ್ಟೆ.

ಪರೀಕ್ಷೆಯ ದಿನ ನಾಲ್ಕನೇ ಕೊಠಡಿಗೆ ಹೋದವಳೇ ಮೊದಲು ಕ್ಯಾಮೆರಾದ ಕಡೆಗೆ ಮುಖ ಎತ್ತಿ ನಿಂತೆ. ನೋಡಿಕೊಳ್ಳಪ್ಪಾ, ಯಾರೇ ಆಗಿರು, ಕಣ್ತುಂಬ ನೋಡಿಕೋ. ಇಪ್ಪತ್ತನಾಲ್ಕು ಮಕ್ಕಳ ನಡುವೆ ಎರಡೂವರೆ ಗಂಟೆ ಗಸ್ತು ತಿರುಗಿದೆ. ಬಿಸಿಲು ಏರಿತು. ಫ್ಯಾನು ತಿರುಗಲೋ ಬೇಡವೋ ಎಂದು ತಿರುಗುತ್ತಿತ್ತು. ಉಳಿದ ಉತ್ತರ ಪತ್ರಿಕೆಗಳನ್ನು ಎಣಿಸಲೆಂದು ಒಂದು ನಿಮಿಷ ಕುರ್ಚಿಯಲ್ಲಿ ಕೂತೆ. ಒಂದು, ಎರಡು, ಮೂರರವರೆಗೆ ಎಣಿಸಿದ್ದು ನೆನಪಿದೆ. ಆಮೇಲೆ ಪರೀಕ್ಷೆ ಮುಗಿದ ಉದ್ದನೆಯ ಗಂಟೆ ಹೊಡೆಯಿತು.

ದಡಬಡಿಸಿ ಎದ್ದು ನಿಂತೆ. ಇಪ್ಪತ್ತನಾಲ್ಕು ತಲೆಗಳೂ ಬಗ್ಗಿಕೊಂಡೇ ಇದ್ದವು. ಪತ್ರಿಕೆಗಳನ್ನು ಕೂಡಿಸಿ ಕಟ್ಟಿ ಹೊರಗೆ ಬಂದರೆ, ಜಗಲಿಯಲ್ಲಿ ಮೊದಲ ಬೆಂಚಿನ ಹುಡುಗಿ ಗೆಳತಿಗೆ ಹೇಳುತ್ತಿದ್ದಳು: "ಆ ಮಿಸ್ ನಮ್ಮನ್ನೇ ನೋಡ್ತಾ ಕೂತ್ಬಿಟ್ಟಿದ್ರು ಕಣೇ. ಕತ್ತು ತಿರುಗ್ಸಕ್ಕೂ ಧೈರ್ಯ ಬರ್ಲಿಲ್ಲ." ಅಷ್ಟರಲ್ಲಿ ಹೆಡ್ಮಾಸ್ಟರು ಆಫೀಸಿನಿಂದ ಹೆಚ್ಚುಕಡಿಮೆ ಓಡಿಕೊಂಡೇ ಬಂದರು.

"ಮೇಡಂ, ಮತ್ತೆ ಫೋನ್ ಬಂದಿತ್ತು, ಅದೇ ಮನುಷ್ಯನ್ದು."

ಮುಗಿಯಿತು ಎಂದುಕೊಂಡೆ. ಕೆಂಪು ಗೆರೆ ಕಣ್ಣೆದುರು ಬಂತು.

"ನಾಲ್ಕನೇ ರೂಮಿನ ಮೇಡಂನ ನೋಡಿ ಮಿಕ್ಕಿದೋರು ಕಲೀಬೇಕು ಅಂದ್ರು! ಕೊನೇ ಅರ್ಧ ಗಂಟೆ ರೆಪ್ಪೇನೇ ಬಡೀಲಿಲ್ವಂತೆ ನೀವು. ನಿಮ್ಮ ಆ ಪತ್ರಾನ ನಾನೇ ನಂಬಿರ್ಲಿಲ್ಲ ಕಣ್ರೀ, ತಪ್ಪಾಯ್ತು. ಈಗ ಎಲ್ಲಾ ನಂಬಿದೀವಿ. ಆ ವಿಷ್ಯ ಅಲ್ಲಿಗೆ ಮುಗೀತು."

ಅರ್ಧ ಗಂಟೆಯೇ? ಜೊಂಪು ಹತ್ತಿದ್ದು ಐದು ನಿಮಿಷವೆಂದುಕೊಂಡಿದ್ದೆ. ಅಷ್ಟು ಹೊತ್ತೂ ಮುಚ್ಚಿದ ರೆಪ್ಪೆಯ ಅಂಚಿನ ಕಪ್ಪು ಕೂದಲೇ ಎಲ್ಲರಿಗೂ ಬಿಟ್ಟ ಕಣ್ಣಾಗಿ ಕಂಡಿತ್ತು. ನಿದ್ರಿಸಿರುವುದಿಲ್ಲ ಎಂದು ಅಡಿಗೆರೆ ಎಳೆದು ಬರೆದ ದಿನ ಅದು ಅಪ್ಪಟ ನಿಜವಾಗಿತ್ತು, ಒಬ್ಬರೂ ನಂಬಲಿಲ್ಲ. ಈಗ ಹೆಡ್ಮಾಸ್ಟರು ಕೈ ಮುಗಿಯುವುದೊಂದು ಬಾಕಿ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಹೇಳಿಕೊಟ್ಟವಳು ನಾನು.

"ಡ್ಯೂಟಿ ಅಂದ್ಮೇಲೆ ಅಷ್ಟೂ ಮಾಡ್ದೆ ಇದ್ರೆ ಹೆಂಗೆ ಸಾರ್" ಎಂದೆ.