ಚಪ್ಪಲಿ ನೋಡಿ ಹಾಜರಿ ಹಾಕಿದ್ದು

ಎಪ್ಪತ್ತರ ದಶಕದ ಕೊನೆಯ ಮಾತು. ಕೂಡ್ಲಿಗಿಯ ನಮ್ಮ ಪುಟ್ಟ ಚರ್ಚಿನಲ್ಲಿ ಪಾದ್ರಿಯವರನ್ನು ಬಿಟ್ಟರೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಆ ಒಂದೇ ಅರ್ಹತೆಯ ಮೇಲೆ ಅವರು ನನ್ನನ್ನು ಸಭೆಯ ಹಿರಿಯನನ್ನಾಗಿ ನೇಮಿಸಿ, ಭಾನುವಾರದ ಆರಾಧನೆಗೆ ಬಾರದವರನ್ನು ಹುರಿದುಂಬಿಸಿ ಕರೆತರುವ ಹೊಣೆ ಹೊರಿಸಿದರು. ನನಗಿಂತ ತಕ್ಕವನಿಲ್ಲವೆಂದು ನನಗೂ ಅನ್ನಿಸಿತ್ತು.

ತೊಡಕು ಒಂದೇ. ಈ ಮುಪ್ಪಿನಲ್ಲಿ ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಕೂರುತ್ತಿದ್ದುದು ಎಲ್ಲರಿಗಿಂತ ಮುಂದಿನ ಚಾಪೆಯ ಮೇಲೆ, ಕಣ್ಣು ಮುಚ್ಚಿ. ಮೊದಲ ಹಾಡು ಮುಗಿಯುವಷ್ಟರಲ್ಲಿ ಕಿಟಕಿಯಿಂದ ಬೇವಿನ ಹೂವಿನ ಗಾಳಿ ಬರುತ್ತಿತ್ತು. ಪಾದ್ರಿಯವರ ದನಿ ದೂರದ ನೀರಿನ ಸದ್ದಾಗುತ್ತಿತ್ತು. ನಾನು ಪರಲೋಕಕ್ಕೆ ಹೊರಟುಬಿಡುತ್ತಿದ್ದೆ. ನನ್ನ ಪರಲೋಕ ಥೇಟ್ ಹಂಪಸಾಗರದ ಹೊಳೆದಂಡೆಯಂತಿತ್ತು. ಬೆಳ್ಳನೆಯ ಮರಳು, ಸುಮ್ಮನೆ ತೇಲುವ ಹರಿಗೋಲು, ಯಾರಿಗೂ ಯಾವ ಅವಸರವೂ ಇಲ್ಲ. ಅಲ್ಲಿಂದ ಮರಳಿ ಬರುವಷ್ಟರಲ್ಲಿ ಅರ್ಧ ಸಭೆ ಖಾಲಿ. ಹೀಗಾಗಿ ಒಳಗೆ ಹೋಗುವಾಗ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿಯೇ ಹಾಜರಿ ಹಾಕುತ್ತಿದ್ದೆ.

"ಮಂದಿ ಮಾರಿ ನೋಡೋದು ಬಿಟ್ಟು ಚಪ್ಪಲಿ ನೋಡ್ತೀರಲ್ರಿ," ಎಂದಳು ನನ್ನ ಹೆಂಡತಿ ಶಾಂತಮ್ಮ.

"ಕುರುಬ ಕುರಿಯ ಹೆಜ್ಜಿ ನೋಡೇ ಲೆಕ್ಕ ಹಿಡೀತಾನ," ಎಂದೆ.

ಮೂರು ವಾರ ಗೌಂಡಿ ಕೆಲಸದ ದೇವದಾನಪ್ಪನ ಟೈರಿನ ಚಪ್ಪಲಿ ಕಾಣಲಿಲ್ಲ. ನಾಲ್ಕನೆಯ ಭಾನುವಾರ ಪಾದ್ರಿಯವರು ನನಗೆ ಪ್ರಾರ್ಥನೆ ಮಾಡಲು ಹೇಳಿದರು. ಎದ್ದುನಿಂತು, ಕಣ್ಣು ಮುಚ್ಚಿ, ಗದ್ಗದ ಕಂಠದಿಂದ ಬೇಡಿಕೊಂಡೆ: "ಕರ್ತನೇ, ಲೋಕದ ಆಶೆಗೆ ಬಿದ್ದು ನಿನ್ನ ಮಂದೆಯನ್ನು ತೊರೆದ ದೇವದಾನಪ್ಪನನ್ನು, ಅವನು ಎಲ್ಲಿಯೇ ಇರಲಿ, ಹುಡುಕಿ ತಾ."

"ಇಲ್ಲೇ ಅದೀನ್ರಿ," ಎಂದಿತು ಹಿಂದಿನಿಂದ ಒಂದು ದನಿ.

ಕಣ್ಣು ತೆರೆದೆ. ಕೊನೆಯ ಕಂಬದ ಪಕ್ಕದಲ್ಲಿ ದೇವದಾನಪ್ಪ. ಜಾಲಿಮುಳ್ಳು ನೆಟ್ಟು ಬಾತುಕೊಂಡ ಕಾಲಿಗೆ ಬಟ್ಟೆ ಸುತ್ತಿತ್ತು. ಆ ಕಾಲಿಗೆ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮೂರು ವಾರವೂ ಬರಿಗಾಲಲ್ಲಿ, ಕುಂಟುತ್ತ, ತಡವಾಗಿಯಾದರೂ ಬಂದೇ ಬಂದಿದ್ದ.

ಸಭೆಯೆಲ್ಲ ನಕ್ಕಿತು. ಅವನು ನಗಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು ಹೊರಟುಹೋದ. ಮುಂದಿನ ವಾರ ನಿಜಕ್ಕೂ ಬರಲಿಲ್ಲ. ಬರುತ್ತಿದ್ದವನನ್ನು ಪ್ರಾರ್ಥನೆಯಿಂದಲೇ ಓಡಿಸಿದ ಕೀರ್ತಿ ನನ್ನದಾಯಿತು.

ಶಾಂತಮ್ಮ ನನ್ನನ್ನು ಅವನ ಮನೆಗೆ ಅಟ್ಟಿದಳು. ದೇವದಾನಪ್ಪ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಪ್ರೋತ್ಸಾಹದ ಮಾತುಗಳನ್ನೆಲ್ಲ ಬಿಟ್ಟು, ಅವನ ಕಾಲ ಬಳಿ ನೆಲದ ಮೇಲೆ ಕೂತೆ.

"ತಪ್ಪಾತಪ್ಪ," ಎಂದೆ.

"ಇಷ್ಟು ವರ್ಷ ನಿಮ್ಮ ಬೆನ್ನು ನೋಡ್ಕೋತ ಕುಂತೀನ್ರಿ ಅಣ್ಣಾ. ನೀವು ಒಂದ್ಸಲನಾದ್ರೂ ಹಿಂದಕ್ಕ ತಿರುಗಿ ನೋಡೀರೇನು?"

"ಇಲ್ಲ. ಆದ್ರ ನೀ ಬರದಿದ್ರ ಅಲ್ಲಿಗೆ ಹೋಗಾಕ ನನಗ ಮಾರಿ ಇಲ್ಲ."

ಅವನು ಕಾಲಿನ ಬಟ್ಟೆ ಬಿಗಿದುಕೊಂಡ. "ಬರ್ತೀನಿ. ನೀವು ಹಿಂದ, ನನ್ನ ಬಾಜೂಕ ಕುಂದ್ರಬೇಕು. ತೂಕಡಿಸಿದ್ರ ತಿವೀತೀನಿ ನೋಡ್ರಿ."

ಆ ಭಾನುವಾರ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದೆ. ನಾಲ್ಕು ಸಲ ತಿವಿದ. ಬೇವಿನ ಗಾಳಿ ಬಂತು, ಹೊಳೆದಂಡೆ ಹತ್ತಿರ ಬಂದು ಬಂದು ಮರೆಯಾಯಿತು. ಅಂತೂ ಪಾದ್ರಿಯವರ ಬೋಧನೆಯನ್ನು, ಆ ದಿನದ ಪ್ರಸಂಗವನ್ನು, ಪೂರ್ತಿ ಕೇಳಿದೆ. ಮನಸ್ಸು ತುಂಬಿ ಬಂದು, ಹೊರಗೆ ಪಾದ್ರಿಯವರ ಕೈ ಹಿಡಿದು ಅವರನ್ನೂ ಹುರಿದುಂಬಿಸಿದೆ: "ಅಯ್ನೋರ, ನಿಮ್ಮ ಪ್ರಸಂಗ ಈಗೀಗ ಭಾಳ ಸುಧಾರಿಸೈತ್ರಿ."

ಅವರು ನನ್ನನ್ನೇ ನೋಡಿದರು. "ಹೋದ ವರ್ಷನೂ ಇದನ್ನೇ ಮಾಡಿದ್ನಲ್ಲಪ್ಪ. ನೀನು ಮುಂದಿನ ಚಾಪಿಮ್ಯಾಲೇ ಇದ್ದಿ."

"ಇದ್ದಿಲ್ರಿ," ಎಂದೆ.