ಬೇಲಿಯಾಚೆಯ ರಿಸಾರ್ಟಿನ ಮ್ಯಾನೇಜರರಿಗೆ, ತಮ್ಮವರ ಬರಿಗಾಲಿನ ಬಗ್ಗೆ

ಮಾನ್ಯರೇ,

ಬೇಲಿಯ ಈ ಬದಿಯ ಹನ್ನೆರಡು ಕೋಣೆಗಳ ಹೋಟೆಲಿನ ಈಜುಕೊಳದ ಕಾವಲುಗಾರನು, ಒದ್ದೆ ಚಡ್ಡಿಯಲ್ಲಿಯೇ ನಿಂತು, ತಮಗೂ ತಮ್ಮ ನೂರೆಂಟು ಕೋಣೆಗಳಿಗೂ ಸಲ್ಲಿಸುವ ಸವಿನಯ ನಮಸ್ಕಾರಗಳು.

ತಮ್ಮ ಈಜುಕೊಳದ ಅಂದವನ್ನು ಹೊಗಳಲು ನನಗೆ ಬಾಯಿ ಸಾಲದು. ಅಲ್ಲಿ ಕಿರುಚುವಂತಿಲ್ಲ, ಧುಮುಕುವಂತಿಲ್ಲ, ಹತ್ತು ವರ್ಷದೊಳಗಿನವರು ಇಳಿಯುವಂತಿಲ್ಲ ಎಂದು ಬೋರ್ಡು ಹಾಕಿಸಿ, ನೀರನ್ನು ಇಸ್ತ್ರಿ ಮಾಡಿದ ಬಟ್ಟೆಯಂತೆ ಒಂದು ಸುಕ್ಕೂ ಬೀಳದ ಹಾಗೆ ಕಾಪಾಡಿಕೊಂಡಿದ್ದೀರಿ. ಹೀಗಾಗಿ ಕಿರುಚಬೇಕಾದವರು, ಧುಮುಕಬೇಕಾದವರು, ಹತ್ತು ವರ್ಷದೊಳಗಿನವರು ಎಲ್ಲರೂ ಬೇಲಿಯ ಕಂಡಿಯಲ್ಲಿ ತೂರಿ ನಮ್ಮ ಕೊಳಕ್ಕೆ ಬರುತ್ತಾರೆ. ಒಂದು ಹೋಟೆಲಿನ ಅತಿಥಿ ಇನ್ನೊಂದರ ನೀರಿಗೆ ಇಳಿಯಬಹುದೇ ಎಂಬ ಘನವಾದ ಪ್ರಶ್ನೆ ತಮ್ಮಂಥವರಿಗೇ ಇರಲಿ. ಇಳಿದವರೆಲ್ಲ ಹತ್ತಿದರೇ ಎಂಬುದಷ್ಟೇ ನನ್ನ ತಲೆನೋವು.

ನನ್ನ ಲೆಕ್ಕ ತೀರಾ ಸರಳ. ಮೆಟ್ಟಿಲ ಪಕ್ಕದ ಹಲಗೆಯ ಮೇಲೆ ಚಪ್ಪಲಿ ಬಿಟ್ಟೇ ನೀರಿಗಿಳಿಯಬೇಕು. ಹಲಗೆಯ ಮೇಲೆ ಎಷ್ಟು ಜೊತೆಯೋ ನೀರಿನಲ್ಲಿ ಅಷ್ಟು ತಲೆ. ತಮ್ಮ ಅತಿಥಿಗಳೋ, ತಮ್ಮ ಮೆತ್ತನೆಯ ಹುಲ್ಲುಹಾಸಿನ ಪುಣ್ಯದಿಂದ, ಬರಿಗಾಲಲ್ಲೇ ಬಂದುಬಿಡುತ್ತಾರೆ. ಕಳೆದ ಭಾನುವಾರ ಹಲಗೆಯ ಮೇಲೆ ಒಂಬತ್ತು ಜೊತೆ, ನೀರಿನಲ್ಲಿ ಹದಿನೇಳು ತಲೆ.

ಅಂದು ಸಂಜೆ ಎಲ್ಲರೂ ಹತ್ತಿ ಹೋದ ಮೇಲೆ ಒಂದು ಜೊತೆ ಉಳಿಯಿತು: ಏಳನೇ ಕೋಣೆಯ ಹುಡುಗಿಯದು, ಕೆಂಪು ಬಣ್ಣದ್ದು, ಕಿತ್ತ ಬಾರಿಗೆ ಪಿನ್ನು ಚುಚ್ಚಿದ್ದು. ಅವಳ ತಾಯಿ ದಡದಲ್ಲಿ ನಿಂತು, "ಅವಳಿಗೆ ಈಜು ಬರಲ್ಲಣ್ಣ, ಬೇಗ ನೋಡಿ" ಎಂದರು. ನಾನು ಮೂರು ಸಲ ತಳ ಮುಟ್ಟಿ ಬಂದೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ. ಆಗಲೇ ನಮ್ಮ ರಿಸೆಪ್ಷನ್ನಿನ ಅಕ್ಕ ತಮ್ಮ ಕಚೇರಿಗೆ ಫೋನು ಮಾಡಿ, ಹುಡುಗಿಯೊಬ್ಬಳು ಆ ಕಡೆ ಬಂದಿದ್ದಾಳೆಯೇ ಎಂದು ಕೇಳಿದರೆ, ಅತಿಥಿಗಳ ವಿವರವನ್ನು ಹೊರಗಿನವರಿಗೆ ಕೊಡುವುದಿಲ್ಲ ಎಂಬ ಉತ್ತರ ಬಂತು. ಇಂಥ ಶಿಸ್ತನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹುಡುಗಿ ತಮ್ಮಲ್ಲೇ ಇದ್ದಳು. ಹೊಸ ಗೆಳತಿಯರ ಹಿಂದೆ ಬರಿಗಾಲಲ್ಲಿ ಕಂಡಿ ದಾಟಿದ್ದಳು. ಕೈಯಲ್ಲಿ ತಮ್ಮ ರಿಸಾರ್ಟಿನ ನೀಲಿ ಟವೆಲ್ ಇಲ್ಲವೆಂದು ತಮ್ಮ ಗಾರ್ಡು ಅವಳನ್ನು ಕಂಡ ಕೂಡಲೇ ಹೊರಗಿನವಳೆಂದು ಪತ್ತೆಹಚ್ಚಿ, ಹೊರಗಟ್ಟಲು ಬೇಲಿಯ ತನಕ ಕರೆತಂದರು. ನಾನು ನಾಲ್ಕನೇ ಸಲ ಮುಳುಗಿ ಏಳುವಾಗ ಅವಳು ದಡದಲ್ಲಿ ನಿಂತು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಆದ್ದರಿಂದ ತಮ್ಮ ಅತಿಥಿಗಳು, ಮುಳುಗುವ ಸಂದರ್ಭ ಬಂದಲ್ಲಿ, ತಾವು ಯಾವ ಕಡೆಯವರೆಂದು ಗಟ್ಟಿಯಾಗಿ ಹೇಳಿಯೇ ಮುಳುಗುವಂತೆ ತಾವು ದೊಡ್ಡ ಮನಸ್ಸು ಮಾಡಿ ಸುತ್ತೋಲೆ ಹೊರಡಿಸಬೇಕು. ಅದಾಗದಿದ್ದರೆ ಬೇಲಿಯನ್ನು ನಮ್ಮ ನೀರಿನೊಳಗೂ ಎಳೆಸಿಕೊಡಿ. ಅದೂ ಆಗದಿದ್ದರೆ ಬರುವವರ ಜೊತೆಗೆ ತಮ್ಮ ಆ ಚುರುಕು ಗಾರ್ಡನ್ನೂ ಕಳುಹಿಸಿ. ಟವೆಲಿನ ಬದಲು ತಲೆ ನೋಡುವುದನ್ನು ಅರ್ಧ ದಿನದಲ್ಲಿ ಕಲಿಸಿಕೊಡುತ್ತೇನೆ.

ತಮ್ಮ ನೆರೆಯ ವಿಶ್ವಾಸಿ,
ಈಜುಕೊಳದ ಕಾವಲುಗಾರ

ವಿ.ಸೂ.: ಇದನ್ನೋದಿ ತಾವು ಸಿಟ್ಟಿನಲ್ಲಿ ಕಂಡಿಯನ್ನೇ ಮುಚ್ಚಿಸುವುದಾದರೆ, ದಯವಿಟ್ಟು ಬೆಳಗ್ಗೆ ಆರರಿಂದ ಏಳರ ನಡುವೆ ಬೇಡ. ಆ ಹೊತ್ತಿನಲ್ಲಿ ತಮ್ಮ ತಾಯಿಯವರು ಈ ಕಡೆ ಇರುತ್ತಾರೆ. ಸಿಬ್ಬಂದಿಯ ಮನೆಯವರು ತಮ್ಮ ಕೊಳಕ್ಕೆ ಇಳಿಯಬಾರದೆಂಬ ನಿಯಮ ತಾವೇ ಮಾಡಿದ್ದಂತೆ. ಮಂಡಿನೋವಿಗೆಂದು ಬಂದವರು ಈಗ ತೇಲುವುದನ್ನು ಕಲಿಯುತ್ತಿದ್ದಾರೆ. "ಅವನಿಗೆ ಹೇಳ್ಬೇಡಪ್ಪ, ಸುಮ್ನೆ ಹೆದರ್ತಾನೆ" ಎಂದಿದ್ದರು, ಹೇಳಬೇಕಾಯಿತು, ಕ್ಷಮಿಸಲಿ. ನಿನ್ನೆ ಮೊದಲ ಸಲ ನನ್ನ ಕೈ ಬಿಟ್ಟು, ಹತ್ತು ಎಣಿಸುವ ತನಕ ತೇಲಿದರು. ಅವರನ್ನು ಯಾವ ಕಡೆಯ ಅತಿಥಿಯೆಂದು ಬರೆದುಕೊಳ್ಳಲಿ, ತಿಳಿಸಿ.