ಮಾವನ ಲಾರಿಗೆ ತಣ್ಣನೆ ಗಾಳಿ

ಕೊಟ್ಟೂರಿನ ನಮ್ಮ ಸೋದರಮಾವ ಮನೆಮಂದಿಗೆಲ್ಲ ನೆಗಡಿಯಾದರೂ ತಲೆಕೆಡಿಸಿಕೊಳ್ಳುವವರಲ್ಲ. ಲಾರಿ ಒಮ್ಮೆ ಕೆಮ್ಮಿತೋ, ಊಟ ಬಿಡುತ್ತಾರೆ! ಅವರ ತಂದೆಯ ಕಾಲದ ಪೆಟ್ರೋಲ್ ಲಾರಿ ಅದು. ಗುಜರಿಯವನು ಬೀದಿಯಲ್ಲಿ ಕೂಗಿದರೆ ಸಾಕು, ದೃಷ್ಟಿ ತಾಗೀತೆಂದು ಅದಕ್ಕೆ ತಾಡಪಾಲು ಹೊದಿಸುತ್ತಾರೆ.

ಚಳಿಯಲ್ಲಿ ಎಂಜಿನ್ನಿಗೆ ಬೆಚ್ಚನೆ ಗಾಳಿ, ಬಿಸಿಲೇರಿದ ಮೇಲೆ ತಣ್ಣನೆ ಗಾಳಿ ಸಿಗಬೇಕು. ಆಗಲೇ ಅದು ಜೋರಾಗಿ ಎಳೆಯುವುದು. ಇದು ಮಾವನ ಸಿದ್ಧಾಂತ. ಅದಕ್ಕೆಂದೇ ಎರಡು ತಗಡಿನ ಕೊಳವೆ ಕೂರಿಸಿದ್ದಾರೆ. ಒಂದರ ಬಾಯಿ ಕಾದ ಹೊಗೆಕೊಳವೆಯ ಪಕ್ಕ, ಇನ್ನೊಂದರದು ಮುಂದಿನ ಜಾಲರಿಯಲ್ಲಿ. ಕ್ಯಾಬಿನ್ನಿನ ಎಡಗಡೆ ಇಳಿಬಿಟ್ಟ ಹಗ್ಗ ಎಳೆದರೆ ತಣ್ಣನೆ ಗಾಳಿ, ಬಿಟ್ಟರೆ ಬಿಸಿ. ದಿನಾ ಮುಂಜಾನೆ ಅತ್ತೆಯನ್ನು ಕರೆಯುತ್ತಾರೆ: "ಇಲ್ಲಿ ಕೈ ಇಟ್ಟು ನೋಡು, ಗಾಳಿ ಹದಾ ಐತೇನು?"

"ನನ್ನ ಕೂಸುಗಳಿಗೆ ಎರಿಯೋ ನೀರು ಒಂದಿನಾನೂ ಮುಟ್ಟಿ ನೋಡಿಲ್ಲ ನೀವು!" ಎನ್ನುತ್ತಾರೆ ಅತ್ತೆ.

ಒಂದು ಬೇಸಿಗೆಯಲ್ಲಿ ಇನ್ನೂ ತಂಪಾಗಲೆಂದು ಜಾಲರಿಗೆ ಒದ್ದೆ ಗೋಣಿಚೀಲ ಕಟ್ಟಿದರು. ರೇಡಿಯೇಟರಿಗೇ ಗಾಳಿಯಿಲ್ಲದಂತಾಗಿ ಅದರ ನೀರು ಕುದ್ದು, ಹರಪನಹಳ್ಳಿ ಸಂತೆಯ ನಡುವೆ ಹಬೆ ಎದ್ದಿತು. ಮಂದಿಯೆಲ್ಲ ನೆರೆದರು. ಪಕ್ಕದಲ್ಲೇ ಕೂತಿದ್ದ ಅತ್ತೆ ತಣ್ಣಗೆ ಕೇಳಿದರು, "ಚಾಪುಡಿ ತರ್ಲೇನ್ರಿ?"

ಮನೆಗೆ ಬಂದ ಮೇಲೆ ಮಾತ್ರ ಅತ್ತೆ ತಮಾಷೆ ಮಾಡಲಿಲ್ಲ. "ಮೆಕ್ಕೆಜ್ವಾಳ ಹೇರ್ಕೊಂಡು ಕೂಡ್ಲಿಗಿ ಕಡಿ ಏರು ನಿಲ್ಲದಂಗ ಹತ್ತಿದ್ರ ಈ ಲಾರಿ ಇರ್ಲಿ. ನಿಂತ್ರ ಗುಜರಿಗೆ!"

"ಆತು, ನೋಡೇ ಬಿಡೋಣ" ಅಂದರು ಮಾವ. ಸೋಲು ಗೆಲುವಿನ ತೀರ್ಪು ಹೇಳುವ ಪಂಚ ನಾನು.

ಸುಗ್ಗಿ ಮುಗಿದಾಗ ಹೊರಟೆವು, ನಾನು ಇಬ್ಬರ ನಡುವೆ ಕೂತೆ. ಮುಂಜಾನೆ ಗಡಗಡ ಚಳಿ, ಹಾಗಾಗಿ ಬಿಸಿ ಗಾಳಿ. ದಾರಿಯಲ್ಲಿ ಮೆಕ್ಕೆಜೋಳ ಹೇರಿಕೊಂಡು ಏರು ಬರುವ ಹೊತ್ತಿಗೆ ಸುಡುವ ಬಿಸಿಲು! ಅರ್ಧ ಹತ್ತುವಷ್ಟರಲ್ಲಿ ಲಾರಿ ಏದುಸಿರು ಬಿಡತೊಡಗಿತು. ಒಂದು ಕುರಿಹಿಂಡು ನಮ್ಮನ್ನು ಹಿಂದೆ ಹಾಕಿ ಹೋಯಿತು. ಆಗ ಮಾವನಿಗೆ ಹೊಳೆಯಿತು: ಹಗ್ಗ ಎಳೆದೇ ಇಲ್ಲ! ಎರಡೂ ಕೈ ಸ್ಟಿಯರಿಂಗ್ ಮೇಲೆ. ಹಗ್ಗ ಅತ್ತೆಯ ಪಕ್ಕದಲ್ಲಿ. ಪಂದ್ಯ ಕಟ್ಟಿದವಳನ್ನೇ ಕೇಳುವುದೆಂದರೆ ಮಾವನ ಮೀಸೆ ಒಪ್ಪೀತೇ? ಪಂಚನಾದ ನಾನು ಕೈ ಹಾಕುವಂತಿಲ್ಲ. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಲಾರಿ ಇನ್ನೇನು ನಿಲ್ಲಬೇಕು—

ಮುಖ ತಿರುಗಿಸದೆಯೇ ಅತ್ತೆ ಹಗ್ಗ ಜಗ್ಗಿ ಬಿಗಿಯಾಗಿ ಹಿಡಿದುಕೊಂಡರು!

ಎಂಜಿನ್ನಿನ ದನಿಯೇ ಬದಲಾಯಿತು. ಲಾರಿ ಮೆಲ್ಲಗೆ ಕಸುವು ತುಂಬಿಕೊಂಡು, ಕುರಿಹಿಂಡನ್ನು ದಾಟಿ, ಗುಡುಗುತ್ತಾ ನೆತ್ತಿಗೇರಿತು. ಕುರಿಯವನು ಟವೆಲ್ ಬೀಸಿದ. ಮಾವ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಗೆದ್ದೆವು! ಪಂಚನೆಂಬುದನ್ನೂ ಮರೆತು ನಾನೂ ಕೂಗಿದೆ.

ಮೇಲೆ ಲಾರಿ ನಿಲ್ಲಿಸಿ ಮಾವ ಕೇಳಿದರು, "ಅಲ್ಲಲೇ, ನೀನು ಗೆಲ್ತಿದ್ದಿ. ಯಾಕ ಎಳದಿ?"

"ಇದು ಹೋದ್ರ, ನಾಳಿ ಮುಂಜಾನಿ ನೀವು ಯಾತಕ್ಕ ಏಳ್ತೀರಿ?"

ಹಗ್ಗ ಉಜ್ಜಿ ಕೆಂಪಾಗಿದ್ದ ಅತ್ತೆಯ ಅಂಗೈಯನ್ನು ಮಾವ ನನ್ನ ತೊಡೆಯ ಮೇಲಿಂದಲೇ ತಮ್ಮತ್ತ ಎಳೆದುಕೊಂಡು, ಮೆಲ್ಲಗೆ ಊದತೊಡಗಿದರು.